ನಮ್ಮ ಜೀಪಿಗೆ ದೊಡ್ಡ ಎಂಜಿನ್ನು ಹಾಕಿಸಿದ್ದು

ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಬಿಚ್ಚಿ ಇನ್ನೂ ಚೆನ್ನಾಗಿ ಮಾಡಬೇಕೆಂಬ ಚಪಲ ನನಗೆ ಯಾರ ಕಡೆಯಿಂದ ಬಂತೋ ತಿಳಿಯದು. ನಮ್ಮ ತಂದೆಯವರಿಗೆ ಅದು ಖಂಡಿತ ಇರಲಿಲ್ಲ. ಅವರು ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿದ್ದವರು. ಅಂಗಡಿಯ ಬಾಗಿಲು ಕಿರುಗುಟ್ಟಿದರೆ ಕಿರುಗುಟ್ಟಲಿ, ಗಿರಾಕಿ ಬಂದದ್ದಾದರೂ ತಿಳಿಯುತ್ತದೆ ಎಂದು ಜೀವಮಾನವಿಡೀ ಅದಕ್ಕೆ ಒಂದು ತೊಟ್ಟು ಎಣ್ಣೆ ಬಿಡದೆ ಕಾಲ ಕಳೆದರು. ಅವರ ನಂತರ ಅಂಗಡಿಯ ಜೊತೆಗೆ ಆ ಬಾಗಿಲೂ ನನ್ನ ಪಾಲಿಗೆ ಬಂತು. ಬಂದ ಕೂಡಲೇ ಎಣ್ಣೆ ಹಾಕಿದೆ. ಅದು ಸಾಲದೆಂದು ತಿರುಗಣಿಯನ್ನೇ ಬಿಚ್ಚಿದೆ. ಆಮೇಲೆ ಬಾಗಿಲು ಕಿರುಗುಟ್ಟಲಿಲ್ಲ, ಏಕೆಂದರೆ ಅದು ಮುಚ್ಚಿಕೊಳ್ಳುವುದನ್ನೇ ಬಿಟ್ಟಿತು. ಮನೆಯಲ್ಲಿ ಸ್ಟೌ, ಗೋಡೆ ಗಡಿಯಾರ, ಹೊಲಿಗೆ ಯಂತ್ರ ಎಲ್ಲವೂ ಹೀಗೆಯೇ ಒಂದೊಂದಾಗಿ ನನ್ನ ಕೈಯಲ್ಲಿ ಸುಧಾರಣೆ ಹೊಂದಿದವು. ನಾನು ಯಾವುದಾದರೂ ಸಾಮಾನನ್ನು ಕೊಂಚ ಹೆಚ್ಚು ಹೊತ್ತು ದಿಟ್ಟಿಸಿದೆನೆಂದರೆ ಸಾಕು, ನನ್ನ ಹೆಂಡತಿ ಪಾರ್ವತಿ ಅದನ್ನೆತ್ತಿ ಒಳಗಿಟ್ಟು ಚಿಲಕ ಹಾಕುತ್ತಿದ್ದಳು. ಜೀಪನ್ನು ಮಾತ್ರ ಎತ್ತಿ ಒಳಗಿಡುವುದು ಅವಳಿಂದ ಆಗಲಿಲ್ಲ.

ಜೀಪು ನಮ್ಮ ಮನೆಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳಲ್ಲಿ ಅದೂ ಒಂದು. ನಾಲ್ಕಾರು ಕೈ ದಾಟಿ ನನ್ನ ಕೈಗೆ ಬಂದಿತ್ತು. ನಮ್ಮ ಜಮೀನು ಇದ್ದದ್ದು ಹರಿಹರದ ಆಚೆ ಭಾನುವಳ್ಳಿಯಲ್ಲಿ. ಮಳೆ ಬಿತ್ತೆಂದರೆ ಅಲ್ಲಿಯ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು, ಹೊಲ ನೋಡಲು ಹೋದವನು ಹೊಲದ ಅರ್ಧವನ್ನು ಹೊತ್ತುಕೊಂಡೇ ಮನೆಗೆ ಬರಬೇಕಾಗುತ್ತಿತ್ತು. ನಾಲ್ಕು ಗಾಲಿಗೂ ಬಲವಿರುವ ಗಾಡಿ, ಕೆಸರು ಕಲ್ಲು ಯಾವುದನ್ನೂ ಲೆಕ್ಕಿಸುವುದಿಲ್ಲ, ಎಲ್ಲಿಯೋ ಕಾಡಿನಲ್ಲಿ ಯುದ್ಧ ಮಾಡಿ ಬಂದದ್ದು ಎಂದು ಮಾರಿದವರು ಹೇಳಿದ್ದರು. ಯುದ್ಧ ಮಾಡಿದ್ದಿರಬಹುದು. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ಪಿಂಚಣಿ ಪಡೆಯುವ ಸಿಪಾಯಿಯಂತೆ ಕೆಮ್ಮುವುದು ಹೆಚ್ಚು, ನಡೆಯುವುದು ಕಡಿಮೆ ಎನ್ನುವ ಸ್ಥಿತಿಯಲ್ಲಿತ್ತು. ಆದರೂ ನಿಧಾನವಾಗಿ ಹೋಗಿ ನಿಧಾನವಾಗಿ ಬರುತ್ತಿತ್ತು. ಅಷ್ಟಕ್ಕೇ ನಾನು ತೃಪ್ತನಾಗಿದ್ದರೆ ಈ ಪ್ರಬಂಧವನ್ನು ಬರೆಯುವ ಕಾರಣವೇ ಇರುತ್ತಿರಲಿಲ್ಲ.

ನನ್ನ ತೃಪ್ತಿಯನ್ನು ಕೆಡಿಸಿದವರು ನಮ್ಮ ಅತ್ತೆ. ಪಾರ್ವತಿಯ ತವರು ಹರಿಹರ. ಒಂದು ದಿನ ಅತ್ತೆಯವರಿಗೆ ಭಾನುವಳ್ಳಿಯ ಜೋಳದ ಬೆಳೆ ತೋರಿಸುವೆನೆಂದು ಅವರನ್ನೂ ಪಾರ್ವತಿಯನ್ನೂ ಕೂರಿಸಿಕೊಂಡು ಹೊರಟೆ. ಅತ್ತೆ ಮೈಕೈ ತುಂಬಿಕೊಂಡ ಹೆಂಗಸು. ಹಿಂದಿನ ಸೀಟಿನಲ್ಲಿ ಅವರು ಕುಳಿತ ಕೂಡಲೇ ಜೀಪಿನ ಮೂತಿ ಸ್ವಲ್ಪ ಆಕಾಶ ನೋಡಿತು. ದಾರಿಯಲ್ಲಿ ಒಂದು ಹಳ್ಳ. ಇಳಿಯುವಾಗ ಎಲ್ಲ ಸರಿಯಾಗಿತ್ತು. ಏರುವಾಗ ಜೀಪು ನರಳಿತು, ನಡುಗಿತು, ನಡುದಾರಿಯಲ್ಲಿ ನಿಂತು ಯೋಚನೆಗೆ ಬಿತ್ತು.

"ಅಳಿಯಂದ್ರೇ, ನಾನು ಇಳೀಲೇನು?" ಎಂದರು ಅತ್ತೆ.

"ಬ್ಯಾಡ್ರಿ ಅತ್ತೆ, ಕೂಡ್ರಿ. ಈಗ ಹತ್ತತೈತೆ" ಎಂದೆ. ಹತ್ತಲಿಲ್ಲ. ಹಿಂದಕ್ಕೆ ಜಾರತೊಡಗಿತು. ಅತ್ತೆ ಮತ್ತೆ ಅಪ್ಪಣೆ ಕೇಳದೆ ಇಳಿದರು, ಸೆರಗು ಸಿಕ್ಕಿಸಿಕೊಂಡು ಏರನ್ನು ನಡೆದೇ ಹತ್ತಿದರು, ಮೇಲಿನ ಬೇವಿನ ಮರದ ಕೆಳಗೆ ಕುಳಿತು ಕೆಳಗೆ ನೋಡಿ ಕೂಗಿದರು: "ನಿಧಾನಕ್ಕೆ ಬರ್ರಿ ಅಳಿಯಂದ್ರೇ, ಅವಸರ ಏನಿಲ್ಲ. ನಾನು ಇಲ್ಲೇ ನೆಳ್ಳಾಗ ಕುಂತಿರ್ತೀನಿ."

ಪಾರ್ವತಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಹೊಲದ ಕಡೆಗೆ ತಿರುಗಿದ್ದು ನನ್ನ ಮನಸ್ಸಿಗೆ ಚುಚ್ಚಿತು. ಆ ಕ್ಷಣದಲ್ಲೇ ಈ ಜೀಪಿಗೆ ಬೇರೆ ಎಂಜಿನ್ನು ಹಾಕಿಸುವುದು ಎಂದು ನಿಶ್ಚಯಿಸಿದೆ.

ಇಂಥ ನಿಶ್ಚಯಗಳು ನನಗೆ ಬಂದಾಗಲೆಲ್ಲ ಊರಿನಲ್ಲಿ ಅದಕ್ಕೆ ಹೌದು ಎನ್ನುವವನು ಒಬ್ಬನಿದ್ದ, ಬುಡೇನ್ ಮಿಸ್ತ್ರಿ. ಪ್ರೈಮರಿ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವನು; ಈಗ ಲಾರಿ ರಿಪೇರಿ ಮಾಡುತ್ತಿದ್ದ. ಅವನಿಗೆ ತಿಳಿಯದ ಸಂಗತಿಗಳು ಬಹಳ ಇದ್ದವು, ಆದರೆ ತನ್ನಿಂದ ಆಗದು ಎಂಬ ಸಂಗತಿ ಒಂದೂ ಇರಲಿಲ್ಲ. ಆ ಗುಣದಲ್ಲಿ ನಾವಿಬ್ಬರೂ ಒಂದೇ ತಾಯಿಯ ಮಕ್ಕಳಂತಿದ್ದೆವು.

"ಅರೇ ಸಾವ್ಕಾರ್ರೇ, ಈ ಎಂಜಿನ್ ಮುದುಕ ಆಗೈತೆ" ಎಂದ, ಬಾನೆಟ್ಟನ್ನು ಎತ್ತಿ ನೋಡಿ. ಜೊತೆಯಲ್ಲಿ ಓದಿದವನಾದರೂ ಎಂಜಿನ್ನಿನ ಮಾತು ಬಂದಾಗ ಅವನು ನನ್ನನ್ನು ಸಾಹುಕಾರ ಎಂದೇ ಕರೆಯುತ್ತಿದ್ದ. "ಮುದುಕಗೆ ಟಾನಿಕ್ ಕುಡಿಸಿದ್ರೆ ಹುಡುಗ ಆಗ್ತಾನಾ? ತೆಗೆದು ಬಿಸಾಕ್ರಿ. ನಾನು ಒಂದು ಹುಲಿ ನೋಡಿಟ್ಟೀನಿ."

ಹುಲಿ ಇದ್ದದ್ದು ಹತ್ತಿ ಕಾರ್ಖಾನೆಯೊಂದರ ಹಿಂದಿನ ಕೊಟ್ಟಿಗೆಯಲ್ಲಿ. ಅಮೆರಿಕದ ಭಾರಿ ಕಾರು. ಗಾಲಿಗಳಿರಲಿಲ್ಲ, ಗಾಜುಗಳಿರಲಿಲ್ಲ, ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಆದರೆ ಎಂಜಿನ್ನು ಮಾತ್ರ ಆರು ಸಿಲಿಂಡರಿನದು. ನಮ್ಮ ಜೀಪಿನದು ನಾಲ್ಕು. ಆರು ನಾಲ್ಕಕ್ಕಿಂತ ದೊಡ್ಡದು ಎಂಬುದಷ್ಟೇ ನನಗೆ ಗೊತ್ತಿದ್ದ ಎಂಜಿನಿಯರಿಂಗ್. ಅದು ಉದ್ದದಲ್ಲಿಯೂ ದೊಡ್ಡದಾಗಿರುತ್ತದೆ ಎಂಬುದು ಹೊಳೆದದ್ದು ಅದು ಎತ್ತಿನ ಗಾಡಿಯಲ್ಲಿ ನಮ್ಮ ಹಿತ್ತಲಿಗೆ ಬಂದು ಇಳಿದ ಮೇಲೆ.

ಜೀಪಿನ ಮುಂದೆ ಅದನ್ನಿಟ್ಟು ನೋಡಿದೆವು. ಮುಂಡಾಸನ್ನು ಚಹಾದ ಬಟ್ಟಲಿನಲ್ಲಿ ಇಡಲು ಹೊರಟಂತೆ ಕಂಡಿತು. ನನ್ನ ಮುಖ ನೋಡಿ ಬುಡೇನ್, "ಜಾಗ ಇಲ್ಲಾಂದ್ರೆ ಜಾಗ ಮಾಡೋದು. ಮನೀಗೆ ಸೊಸಿ ಬಂದ್ರೆ ಗ್ವಾಡಿ ಒಡಿಯಲ್ಲೇನು?" ಎಂದ. ಗೋಡೆ ಒಡೆಯುವ ಕೆಲಸವೇ ಶುರುವಾಯಿತು. ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವೆ ಇದ್ದ ತಗಡನ್ನು ಕತ್ತರಿಸಿ ಹುಲಿಯ ಹಿಂಭಾಗವನ್ನು ಒಳಕ್ಕೆ ತಂದ. ಅದರಿಂದ ಡ್ರೈವರನ ಪಕ್ಕದಲ್ಲಿ ಕೂರುವವರಿಗೆ ಕಾಲಿಡುವ ಸ್ಥಳ ಹೋಯಿತು. ರೇಡಿಯೇಟರನ್ನು ಮುಂದಕ್ಕೆ ತಳ್ಳಿದ. ಬಾನೆಟ್ಟು ಮುಚ್ಚದಾಯಿತು, ಹಗ್ಗ ಹಾಕಿ ಕಟ್ಟಿದ. ಗೇರ್ ಬಾಕ್ಸು ಜೀಪಿನದು, ಎಂಜಿನ್ನು ಕಾರಿನದು. ಎರಡನ್ನೂ ಕೂಡಿಸಲು ಹರಿಹರದಲ್ಲಿ ಲೇತ್ ಇಟ್ಟುಕೊಂಡಿದ್ದವರಿಂದ ಕಬ್ಬಿಣದ ಒಂದು ದಪ್ಪ ತಟ್ಟೆ ಮಾಡಿಸಿ ತಂದ. ಎಲ್ಲ ಮುಗಿದ ಮೇಲೆ ಮುಂಭಾಗದ ತೂಕಕ್ಕೆ ಜೀಪು ತಲೆ ತಗ್ಗಿಸಿ ಹುಲ್ಲು ಮೇಯುವ ಹಸುವಿನಂತೆ ನಿಂತಿತು.

ಒಂದೇ ಒಂದು ಸಣ್ಣ ಕುಂದು ಉಳಿದಿತ್ತು. ತಗಡು ಕತ್ತರಿಸುವಾಗ ಎಂಜಿನ್ನನ್ನು ಆರಿಸುವ ಸ್ವಿಚ್ಚೂ ಅದರ ಜೊತೆಗೆ ಹೋಗಿತ್ತು. ಬುಡೇನ್ ತಂತಿಗಳನ್ನು ನೇರವಾಗಿ ಜೋಡಿಸಿದ್ದ. ನಿಲ್ಲಿಸಬೇಕಾದರೆ ಕೆಳಗಿಳಿದು, ಹಗ್ಗ ಬಿಚ್ಚಿ, ಬಾನೆಟ್ಟು ಎತ್ತಿ, ಒಂದು ಕೆಂಪು ವೈರು ಎಳೆಯಬೇಕು.

"ಕಳ್ಳರಿಗೆ ಗೊತ್ತಾಗಲ್ಲ ನೋಡ್ರಿ" ಎಂದ ಬುಡೇನ್. ಹೌದಲ್ಲ ಎಂದು ನನಗೂ ಅನ್ನಿಸಿತು.

ಈ ಕೆಲಸವೆಲ್ಲ ನಡೆಯುವಾಗ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ನನ್ನ ತಂಗಿ ನಿರ್ಮಲ. ತಂದೆ ತಾಯಿ ಇಬ್ಬರೂ ಹೋದ ಮೇಲೆ ಅವಳನ್ನು ಒಂದು ಒಳ್ಳೆಯ ಮನೆ ಸೇರಿಸುವ ಹೊಣೆ ನನ್ನದು, ಪಾರ್ವತಿಯದು. ಎಸ್.ಎಸ್.ಎಲ್.ಸಿ. ಮುಗಿಸಿದ್ದಳು. ಕಂಡದ್ದನ್ನೆಲ್ಲ ಏನು, ಯಾಕೆ ಎಂದು ಕೇಳುವ ಹುಡುಗಿ. ಬುಡೇನನಿಗೆ ಚಹಾ ಕೊಡಲು ಬಂದವಳು, ಅವನು ಕುಡಿದು ಮುಗಿಸಿದ ಮೇಲೂ "ಈ ವೈರು ಎಲ್ಲಿಗೆ ಹೋಗತೈತೆ? ಈ ಕೊಳವಿ ಯಾಕ?" ಎಂದು ನಿಂತೇ ಇರುತ್ತಿದ್ದಳು. ಅವಳನ್ನು ನೋಡಲು ಹಿಂದೆ ಬಂದಿದ್ದ ಒಂದು ಕಡೆಯವರು ಹುಡುಗಿಗೆ ಮಾತು ಜಾಸ್ತಿ ಎಂದು ಹೇಳಿಕಳಿಸಿದ್ದರು. ಅಂದು ಅವಳು ಊಟ ಮಾಡದೆ ಮಲಗಿದ್ದಳು. ಆದ್ದರಿಂದ ರಾಣೆಬೆನ್ನೂರಿನ ಒಂದು ಮನೆತನದವರು ಬರುತ್ತೇವೆಂದು ಹೇಳಿ ಕಳಿಸಿದಾಗ ಪಾರ್ವತಿ ಮೊದಲೇ ಎಚ್ಚರಿಕೆ ಕೊಟ್ಟಳು.

"ಈ ಸಲ ಕೇಳಿದ್ದಕ್ಕಷ್ಟೇ ಹೂಂ ಅನ್ನು ನಿರ್ಮಲಾ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಅದನ್ನೂ ಅನ್ನಬ್ಯಾಡ್ರಿ" ಎಂದಳು.

ರಾಣೆಬೆನ್ನೂರಿನಿಂದ ಬರುವ ರೈಲು ಹರಿಹರ ದಾಟಿ ನೇರವಾಗಿ ದಾವಣಗೆರೆಗೇ ಬರುತ್ತದೆ. ಬೀಗರಾಗಬೇಕಾದವರು ನಮ್ಮ ಸ್ಟೇಷನ್ನಿನಲ್ಲೇ ಇಳಿದು ಸುಖವಾಗಿ ನಡೆದು ಬರಬಹುದಿತ್ತು. ಆದರೆ ನಾನು ಅವರಿಗೆ, ಹರಿಹರದಲ್ಲೇ ಇಳಿಯಿರಿ, ದೇವರ ದರ್ಶನ ಮಾಡಿಕೊಂಡು ನಮ್ಮ ಅತ್ತೆಯ ಮನೆಯಲ್ಲಿ ಚಹಾ ಕುಡಿಯಿರಿ, ಅಲ್ಲಿಂದ ನಮ್ಮ ಜೀಪಿನಲ್ಲೇ ಕರೆತರುತ್ತೇನೆ ಎಂದು ಹೇಳಿಕಳಿಸಿದೆ. ಬೀಗರಿಗೆ ಉಪಚಾರವೂ ಆಯಿತು, ಅತ್ತೆಯವರಿಗೆ ಹೊಸ ಎಂಜಿನ್ನನ್ನು ತೋರಿಸಿದಂತೆಯೂ ಆಯಿತು ಎಂಬುದು ನನ್ನ ಲೆಕ್ಕ.

ಆ ದಿನ ಹರಿಹರದಲ್ಲಿ ಅತ್ತೆ ಜೀಪಿನ ಸುತ್ತ ಒಂದು ಸಲ ಬಂದು ನೋಡಿದರು. ಹಗ್ಗವನ್ನು ಮುಟ್ಟಿ ನೋಡಿದರು. "ನೀವು ಮುಂದೆ ಹೋಗ್ರಿ. ನಾನು ರೈಲಿನಾಗ ಬರ್ತೀನಿ" ಎಂದರು.

ಬಂದವರು ಮೂವರು. ಹುಡುಗ ಶಿವಾನಂದ, ಮಿತಭಾಷಿ, ಕನ್ನಡಕದವನು, ಅವನ ತಾಯಿ, ಅವನ ತಂದೆ ವೀರಪ್ಪನವರು. ವೀರಪ್ಪನವರು ದೊಡ್ಡ ರುಮಾಲು ಸುತ್ತಿದ, ಗಂಭೀರವಾದ ಎತ್ತರದ ಆಳು. ಅವರನ್ನು ಗೌರವದಿಂದ ಮುಂದೆ, ನನ್ನ ಪಕ್ಕದಲ್ಲಿ ಕೂರಿಸಿದೆ. ಕಾಲಿಡುವ ಜಾಗದಲ್ಲಿ ಹುಲಿ ಇತ್ತಾದ್ದರಿಂದ ಅವರು ನನ್ನ ಕಡೆಗೆ ತಿರುಗಿ, ಗೇರಿನ ಕಡ್ಡಿಯನ್ನು ಎರಡು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕುಳಿತರು. ಗೇರ್ ಬದಲಾಯಿಸಬೇಕಾದಾಗಲೆಲ್ಲ ನಾನು "ತಪ್ಪು ತಿಳೀಬ್ಯಾಡ್ರಿ" ಎಂದು ಕೈ ಹಾಕುತ್ತಿದ್ದೆ. ಅವರು "ಇರಲಿ ಇರಲಿ" ಎಂದು ಮೊಣಕಾಲು ಅಗಲಿಸುತ್ತಿದ್ದರು.

ಹರಿಹರ ದಾಟಿ ದಾವಣಗೆರೆಯ ರಸ್ತೆಗೆ ಬಿದ್ದ ಮೇಲೆ ಹುಲಿ ಗರ್ಜಿಸಿತು. ಆಹಾ, ಅದೊಂದು ಸುಖ! ಮರಗಳು ಹಿಂದಕ್ಕೆ ಓಡಿದವು, ಎದುರು ಬಂದ ಬಸ್ಸಿನವನು ತಾನಾಗಿಯೇ ಪಕ್ಕಕ್ಕೆ ಸರಿದ. "ಗಾಡಿ ಭಾಳ ಛಲೋ ಓಡತೈತಿ ಬಿಡ್ರಿ" ಎಂದರು ವೀರಪ್ಪನವರು, ರುಮಾಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು. ಆ ಮಾತು ಕೇಳಿ ನನ್ನ ಕಾಲು ಇನ್ನೂ ಸ್ವಲ್ಪ ಒತ್ತಿತು. ಹಾಗೆ ಒತ್ತಿದ ಆಕ್ಸಿಲರೇಟರು ಆಮೇಲೆ ಮೇಲಕ್ಕೆ ಬರಲಿಲ್ಲ.

ಬುಡೇನ್ ಆ ಜಾಗಕ್ಕೆ ಹಳೆಯ ಸೈಕಲ್ಲಿನ ಬ್ರೇಕ್ ಕಡ್ಡಿಯೊಂದನ್ನು ಬಗ್ಗಿಸಿ ಹಾಕಿದ್ದ. ಅದು ಎಲ್ಲಿಯೋ ಸಿಕ್ಕಿಕೊಂಡಿತು. ಕಾಲು ತೆಗೆದರೂ ವೇಗ ಇಳಿಯಲಿಲ್ಲ. ಬ್ರೇಕು ತುಳಿದೆ. ಬ್ರೇಕು ನಾಲ್ಕು ಸಿಲಿಂಡರಿನ ಕಾಲದ್ದು. ಆರರ ಮುಂದೆ ಅದು ಒಂದಿಷ್ಟು ಗೊಣಗಿ ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಕ್ಲಚ್ಚು ತುಳಿದೆ. ಎಂಜಿನ್ನು ಹಾಕಿದ ಬೊಬ್ಬೆಗೆ ಹಿಂದೆ ಕೂತಿದ್ದ ಹುಡುಗನ ತಾಯಿ ಅದಕ್ಕಿಂತ ದೊಡ್ಡ ಬೊಬ್ಬೆ ಹಾಕಿದರು. ಹೆದರಿ ಕಾಲು ತೆಗೆದೆ. ಗೇರನ್ನಾದರೂ ತಪ್ಪಿಸಬಹುದಿತ್ತಲ್ಲ ಎಂದು ತಿಳಿದವರು ಕೇಳಬಹುದು. ತಪ್ಪಿಸಬಹುದಿತ್ತು. ಆದರೆ ಗಾಬರಿಗೆ ವೀರಪ್ಪನವರು ಎರಡು ಮೊಣಕಾಲುಗಳಿಂದ ಗೇರಿನ ಕಡ್ಡಿಯನ್ನು ಇಕ್ಕಳದಂತೆ ಅಪ್ಪಿ ಹಿಡಿದಿದ್ದರು.

"ಕಾಲು ತೆಗೀರಿ ಯಜಮಾನ್ರೇ!" ಎಂದು ಕೂಗಿದೆ.

"ಎಲ್ಲಿಗೆ ತೆಗೀಲಿ? ಜಾಗ ಎಲ್ಲೈತಿ?" ಎಂದು ಅವರು ಕೂಗಿದರು. ನ್ಯಾಯವಾದ ಪ್ರಶ್ನೆ.

ಊರು ಬಂತು. ಹಾರನ್ನು ಒತ್ತಿಕೊಂಡೇ ನಮ್ಮ ಬೀದಿಗೆ ತಿರುಗಿದೆ. ಬಾಗಿಲಲ್ಲಿ ಪಾರ್ವತಿ ಹೊಸ ಸೀರೆಯುಟ್ಟು, ಬೀಗರ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಗುಮುಖದಿಂದ ನಿಂತಿದ್ದಳು. ನಾವು ಅವಳ ಮುಂದೆ ಹಾದು ಹೋದೆವು. ವೀರಪ್ಪನವರು ಹೋಗುತ್ತ ಹೋಗುತ್ತಲೇ ಕೈ ಮುಗಿದರು, ಸಂಸ್ಕಾರವಂತರು. ಬೀದಿಯನ್ನು ಸುತ್ತಿ ಮತ್ತೆ ಬಂದಾಗ ಪಾರ್ವತಿ ತಂಬಿಗೆ ಹಿಡಿದು ರಸ್ತೆಗೇ ಬಂದಿದ್ದಳು. "ನಿಲ್ಸ್ರಿ! ಮನೆ ಇದೇ ಐತ್ರಿ!" ಎಂದು ಕೂಗಿದಳು. ಇಷ್ಟು ವರ್ಷ ಬಾಳಿದ ಮನೆಯನ್ನು ನಾನು ಮರೆತೆನೆಂದು ಅವಳು ತಿಳಿದಿದ್ದಳು.

ನಮ್ಮ ಮನೆಯ ಹಿಂದೆಯೇ ಹತ್ತಿಯ ಅಂಗಳ. ಸುಗ್ಗಿಯ ಕಾಲ, ಬಿಡಿ ಹತ್ತಿಯನ್ನು ಆಳೆತ್ತರಕ್ಕಿಂತ ಹೆಚ್ಚಾಗಿ ರಾಶಿ ಹಾಕಿಸಿದ್ದೆ. ಅದೊಂದು ಕಂಡಿತು. ಬೇರೇನೂ ತೋಚದೆ ಅದರೊಳಕ್ಕೆ ನುಗ್ಗಿಸಿದೆ. ಏಟು ಬೀಳಲಿಲ್ಲ, ಸದ್ದಾಗಲಿಲ್ಲ. ಜಗತ್ತು ಬೆಳ್ಳಗಾಯಿತು, ಅಷ್ಟೆ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ರುಮಾಲಿಲ್ಲದ ವೀರಪ್ಪನವರಿಗೆ ಎದೆಯವರೆಗೆ ಬಿಳಿಯ ಗಡ್ಡ ಬಂದಿತ್ತು.

ಆದರೆ ಎಂಜಿನ್ನು ನಿಂತಿರಲಿಲ್ಲ. ಗಾಲಿಗಳು ಹತ್ತಿಯನ್ನು ತೂರುತ್ತಾ ತಿರುಗುತ್ತಲೇ ಇದ್ದವು. ಕೆಳಗೆ ಹೊಗೆಯ ಕೊಳವೆ ಕಾದು ಕೆಂಪಗಾಗಿರುತ್ತದೆ, ಸುತ್ತಲೂ ಒಣ ಹತ್ತಿ ಎಂಬುದು ಆಗ ನನಗೆ ಹೊಳೆಯಿತು. ಹತ್ತಿಯ ಅಂಗಳದಲ್ಲಿ ಬೀಡಿ ಹಚ್ಚಿದವನನ್ನು ನಮ್ಮ ತಂದೆ ಮತ್ತೆ ಒಳಗೆ ಬಿಡುತ್ತಿರಲಿಲ್ಲ. ನಾನು ಉರಿಯುವ ಒಲೆಯನ್ನೇ ರಾಶಿಯೊಳಗೆ ಓಡಿಸಿ ತಂದಿದ್ದೆ. ಸುಟ್ಟ ಬಟ್ಟೆಯ ವಾಸನೆ ಬಂತು. ಒಳಗೆ ನಾಲ್ವರು, ರಾಶಿಯ ಆಚೆಗೆ ಮನೆ. ವೈರು ಎಳೆಯಬೇಕು ಎಂದು ಗೊತ್ತು, ಆದರೆ ಹತ್ತಿಯಲ್ಲಿ ಇಳಿಯಲು ಬಾಗಿಲ ಕಡೆ ಯಾವುದು ಎಂಬುದೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ನಿರ್ಮಲ ಓಡಿ ಬಂದಳು. ರೇಶಿಮೆ ಸೀರೆ, ತಲೆ ತುಂಬ ಹೂವು. ಸೆರಗನ್ನು ಸೊಂಟಕ್ಕೆ ಬಿಗಿದು, ಹತ್ತಿಯನ್ನು ಈಜುವವಳಂತೆ ಸರಿಸಿ, ಜೀಪಿನ ಮುಂದಿನ ಬಂಪರು ಹತ್ತಿ ನಿಂತು ಹಗ್ಗ ಬಿಚ್ಚಿದಳು. ಬಾನೆಟ್ಟು ಎತ್ತಿ ಕೈ ಹಾಕಿ ಎಳೆದಳು. ಹುಲಿ ಒಮ್ಮೆ ಬಿಕ್ಕಿ ಸುಮ್ಮನಾಯಿತು.

"ಹೊಗಿ ಬರ್ತೈತೆ! ಕೆಳಗೆ ಹತ್ತಿ ತೆಗೀರಿ, ಯಾರಾರ!" ಎಂದು ಕೂಗಿದಳು. ಶಿವಾನಂದ ಅಷ್ಟರಲ್ಲಿ ಕೆಳಗೆ ಹಾರಿ, ಕನ್ನಡಕ ಎಲ್ಲೋ ಬಿದ್ದು ಹೋಗಿ, ಮೊಣಕಾಲೂರಿ ಎರಡೂ ಕೈಗಳಿಂದ ಹತ್ತಿಯನ್ನು ಬಾಚಿ ಹಿಂದಕ್ಕೆ ಎಸೆಯುತ್ತಿದ್ದ.

"ಅಲ್ಲಲ್ಲ, ಆ ಕಡೆ ಅಲ್ಲ! ಸೈಲೆನ್ಸರ್ ಈ ಕಡೆ ಐತ್ರಿ, ಈ ಕಡೆ!" ಎಂದಳು ನಿರ್ಮಲ. ಹೆಣ್ಣು ನೋಡಲು ಬಂದ ಹುಡುಗನಿಗೆ ಹೆಣ್ಣು ಆಡಿದ ಮೊದಲ ಮಾತು ಅದು.

"ಯಾವ ಕಡೆ? ನನಗ ಕಾಣವಲ್ದು" ಎಂದ ಅವನು.

"ಕೈ ಕೊಡ್ರಿ ಇಲ್ಲಿ" ಎಂದು ಅವನ ಕೈ ಹಿಡಿದೆಳೆದು ಜಾಗ ತೋರಿಸಿದಳು. ಅಂಗಳದ ಕೆಲಸದವರು ಕೊಡಗಳಲ್ಲಿ ನೀರು ತಂದು ಸುರಿದರು. ಪಾರ್ವತಿಯೂ ಕೈಯಲ್ಲಿದ್ದ ತಂಬಿಗೆಯ ನೀರನ್ನು ಅಲ್ಲಿಗೇ ಸುರಿದಳು. ಒಂದು ಬುಟ್ಟಿಯಷ್ಟು ಹತ್ತಿ ಕರಕಾಯಿತು. ಅದರಾಚೆಗೆ ಏನೂ ಆಗಲಿಲ್ಲ. ನಾನು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದೆ. ಯಾರೋ ಬಂದು ಬೆರಳು ಬಿಡಿಸಿದರು.

ಆಮೇಲೆ ಎಲ್ಲರೂ ಮುಖ ತೊಳೆದುಕೊಂಡು ಪಡಸಾಲೆಯಲ್ಲಿ ಕುಳಿತರು. ಅಷ್ಟು ಹೊತ್ತಿಗೆ ಅತ್ತೆಯವರೂ ರೈಲಿಳಿದು, ಸೀರೆಯ ನೆರಿಗೆ ಕೂಡ ಕೆಡದೆ ಬಂದಿದ್ದರು. ಉಪ್ಪಿಟ್ಟು ಶಿರಾ ಬಂತು. ನಿರ್ಮಲ ತಲೆ ತಗ್ಗಿಸಿ ಕೂತಿದ್ದಳು; ಜಡೆಯ ಮಲ್ಲಿಗೆಯ ನಡುವೆ ಹತ್ತಿ ಸಿಕ್ಕಿಕೊಂಡು ಯಾವುದು ಹೂವು ಯಾವುದು ಹತ್ತಿ ತಿಳಿಯುತ್ತಿರಲಿಲ್ಲ. ಮಾತು ಜಾಸ್ತಿ ಎಂದು ಹೋದವರ ನೆನಪು ನನಗೆ ಬಂತು. ಇವರು ಮಾತಷ್ಟೇ ಅಲ್ಲ, ಸೆರಗು ಬಿಗಿದು ಬಂಪರು ಹತ್ತಿದ್ದನ್ನೂ ನೋಡಿದ್ದರು. ನನ್ನ ಚಪಲಕ್ಕೆ ತಂಗಿಯ ಬಾಳು ಬಲಿಯಾಯಿತಲ್ಲ ಎಂದು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಕೊನೆಗೆ ಹುಡುಗನ ತಾಯಿ ಬಾಯಿ ಬಿಟ್ಟರು. "ಅಡಿಗಿ ಮಾಡಾಕ ಬರತೈತೇನವಾ?"

"ಹೂಂ" ಎಂದಳು ನಿರ್ಮಲ. ಪಾರ್ವತಿ ಹೇಳಿಕೊಟ್ಟಷ್ಟೇ.

"ಅಡಿಗಿದು ಇರಲಿ ಬಿಡವಾ" ಎಂದ ಶಿವಾನಂದ ಒಮ್ಮೆಲೇ. ಕನ್ನಡಕವಿಲ್ಲದೆ ಅವನು ನಿರ್ಮಲ ಇದ್ದ ದಿಕ್ಕಿಗೆ ಅಂದಾಜಿನಿಂದ ನೋಡುತ್ತಿದ್ದ. "ಎಂಜಿನ್ ನಿಲ್ಸಾಕ ಯಾವ ವೈರು ಎಳೀಬೇಕು ಅಂತ ಹೆಂಗ ಗೊತ್ತಿತ್ತು ನಿಮಗ?"

ನಿರ್ಮಲ ತಲೆಯೆತ್ತಿದಳು. ಪಾರ್ವತಿ ಕಣ್ಣು ಬಿಟ್ಟು ಸನ್ನೆ ಮಾಡಿದರೂ ಅವಳು ಇಗ್ನಿಷನ್ ಕಾಯಿಲಿನಿಂದ ಶುರು ಮಾಡಿ ಬ್ಯಾಟರಿಯವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಅವನು ನಡುನಡುವೆ ಕೇಳಿದ, ಅವಳು ಹೇಳಿದಳು. ಉಪ್ಪಿಟ್ಟು ಆರಿತು. ವೀರಪ್ಪನವರು ಮಗನ ಮುಖ ನೋಡಿ, ಹೆಂಡತಿಯ ಮುಖ ನೋಡಿ, ತಮ್ಮ ಮೊಣಕಾಲುಗಳನ್ನು ಸವರಿಕೊಂಡರು.

"ಸಂಬಂಧ ನಮಗ ಒಪ್ಪಿಗಿ ಐತ್ರಿ" ಎಂದರು. ನಾನು ಸಂತೋಷ ತಾಳಲಾರದೆ ಎದ್ದು ನಿಂತೆ. ಅವರು ಗಾಬರಿಯಿಂದ ಕೈ ಅಡ್ಡ ಹಿಡಿದರು. "ನೀವು ಏಳಬ್ಯಾಡ್ರಿ, ಕೂಡ್ರಿ. ಟೇಶನ್ನಿಗೆ ನಾವು ನಡಕೊಂತ ಹೋಗ್ತೀವಿ."

ಮದುವೆಯಾಯಿತು. ನಿಬ್ಬಣವನ್ನು ಕರೆತರುವ ಕೆಲಸದಿಂದ ನನ್ನನ್ನು ಎರಡೂ ಕಡೆಯವರು ಕೂಡಿ ಬಿಡುಗಡೆ ಮಾಡಿದ್ದರು. ಜೀಪಿಗೆ ಅದರ ಮುದುಕ ಎಂಜಿನ್ನನ್ನೇ ಮತ್ತೆ ಕೂರಿಸಿದೆವು. ಹುಲಿಯನ್ನು ಏನು ಮಾಡುವುದೆಂದು ತಿಳಿಯದೆ ಭಾನುವಳ್ಳಿಗೆ ಸಾಗಿಸಿದೆವು. ಅಲ್ಲಿ ಬುಡೇನ್ ಅದನ್ನು ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿ, ನಾಲ್ಕು ಮೂಲೆಗೂ ಬೋಲ್ಟು ಬಿಗಿದು, ಸೀಮೆಎಣ್ಣೆಯಲ್ಲಿ ಓಡುವಂತೆ ಮಾಡಿ, ಪಟ್ಟಿ ಹಾಕಿ ಒಂದು ಹಿಟ್ಟಿನ ಗಿರಣಿ ನಡೆಸಲು ಹಚ್ಚಿದ. ಏನು ಹೇಳಲಿ! ಒಂದು ಕೆಮ್ಮಿಲ್ಲ, ಒಂದು ನಡುಕವಿಲ್ಲ. ಸುತ್ತಲ ಹಳ್ಳಿಯ ಹೆಂಗಸರು ಜೋಳ, ಮೆಣಸಿನಕಾಯಿ ಹೊತ್ತು ತಂದು ಸಾಲು ನಿಲ್ಲುತ್ತಿದ್ದರು. ಬುಡೇನ್ ಅದರ ಪಕ್ಕದಲ್ಲಿ ತಾನೇ ಹೆತ್ತವನಂತೆ ನಿಂತಿರುತ್ತಿದ್ದ.

ಒಂದು ಸಂಜೆ ಪಾರ್ವತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎಂಜಿನ್ನು ಹದವಾಗಿ ಓಡುತ್ತಿತ್ತು. ನನಗೆ ಮನಸ್ಸು ತುಂಬಿ ಬಂತು. "ನೋಡು, ಅದರಾಗ ಏನೂ ದೋಷ ಇರಲಿಲ್ಲ. ಎಷ್ಟು ಶಿಸ್ತಿನಿಂದ ಕೆಲಸ ಮಾಡತೈತೆ ನೋಡು" ಎಂದೆ.

"ದೋಷ ಐತೆ ಅಂತ ಯಾರಂದ್ರು?" ಎಂದಳು ಪಾರ್ವತಿ. "ಹಿಂಗೆ ಕಟ್ಟಿ ಮ್ಯಾಲೆ ಕೂಡ್ರಿಸಿ ಬೋಲ್ಟ್ ಬಿಗಿದ್ರೆ ಯಾರಾದ್ರೂ ಶಿಸ್ತಾಗಿ ಇರ್ತಾರೆ." ಆಮೇಲೆ ನನ್ನ ಪಾದಗಳ ಕಡೆ ನೋಡಿದಳು. "ಬುಡೇನಣ್ಣನ್ನ ಕೇಳಬೇಕು, ಸಿಮೆಂಟು ಏನಾರ ಉಳಿದೈತೇನು ಅಂತ."